ಸೇತುವೆ ಮೇಲಿನ ಬೀಗದ ಕೈ

ನನ್ನ ತಮ್ಮನ ಹೆಂಡತಿಯನ್ನು ನಾನು ಕರೆಯುವುದೇ ಟೇಪಮ್ಮ ಅಂತ. ಹೊಲಿಗೆಯವಳು. ಅಳತೆಯ ಟೇಪು ಅವಳ ಕೊರಳು ಬಿಟ್ಟಿದ್ದನ್ನು ನಾನಂತೂ ಕಂಡಿಲ್ಲ. ಒಮ್ಮೆ ಹಾಗೇ ಬಸ್ಸು ಹತ್ತಿದಾಗ ಕಂಡಕ್ಟರು, "ಏನಮ್ಮಾ, ಟಿಕೆಟ್ಟು ಮೀಟರ್ ಲೆಕ್ಕದಲ್ಲಿ ಹರೀಲಾ?" ಎಂದು ಕೇಳಿದನಂತೆ. ಇವಳು, "ಬೇಡಪ್ಪ, ಒಂದೇ ಸಾಕು" ಎಂದಳಂತೆ. ತಮಾಷೆ ಅವಳಿಗೆ ಅರ್ಥವಾಗುವುದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ. ಆಗ ಒಬ್ಬಳೇ ಕೂತು ನಗುತ್ತಾಳೆ. ಅಂಥ ಹೆಂಗಸು.

ಅವಳು ಹೊಲಿಯುವುದು ಶಾಲೆ ಮಕ್ಕಳ ಯೂನಿಫಾರಂ ಮಾತ್ರ. ಬೆಳೆಯುವ ಮಕ್ಕಳಿಗೆ ಹೊಲಿಯುವಾಗ ಬಟ್ಟೆಯನ್ನು ಕೆಳಗಡೆ ಒಳಕ್ಕೆ ಮಡಿಸಿ ಬಿಡುತ್ತಾರಲ್ಲ, ಮಗು ಉದ್ದವಾದ ಹಾಗೆ ಆ ಮಡಿಕೆ ಬಿಚ್ಚಿ ಇಳಿಸಿದರಾಯಿತು. ಬೇರೆ ದರ್ಜಿಗಳು ಎರಡು ಬೆರಳು ಮಡಿಸಿದರೆ ಇವಳು ಒಂದು ಅಂಗೈ ಮಡಿಸುತ್ತಾಳೆ. ಅವಳಿಗೆ ಕೆಲಸ ಕೊಡುವ ಅಂಗಡಿಯವನು, "ನೀನು ಹೀಗೆ ಬಟ್ಟೆ ಬಿಟ್ಟರೆ ಮುಂದಿನ ವರ್ಷ ಹೊಸದು ಯಾರು ಹೊಲಿಸ್ತಾರೆ ತಾಯಿ?" ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ಇವಳು ಕೇಳಿದವಳೇ ಅಲ್ಲ. ಬರಲಿರುವ ಎತ್ತರಕ್ಕೆ ಜಾಗ ಬಿಡಬೇಕು ಎನ್ನುವುದು ಅವಳ ಕೈಗೇ ಹತ್ತಿದ ಅಭ್ಯಾಸ.

ಇನ್ನು ನನ್ನ ತಮ್ಮ. ಬ್ರೆಡ್ಡು ಸುಡುವವನು, ಒಲೆ ಮೇಸ್ತ್ರಿ. ಹಿಟ್ಟಿನ ಮೇಲೆ ಬೆರಳೊತ್ತಿ, ಆ ಗುಳಿ ಎಷ್ಟು ನಿಧಾನಕ್ಕೆ ಮೇಲೇಳುತ್ತದೆ ಎಂದು ನೋಡಿ ಒಲೆಗೆ ಹಾಕುವ ಹೊತ್ತು ಹೇಳುತ್ತಾನೆ. ಅವರಿದ್ದ ಸಣ್ಣ ಊರಿನಲ್ಲಿ ಬೇಕರಿ ಇದ್ದದ್ದು ಮನೆಯ ಹಿತ್ತಲಿಗೆ ಅಂಟಿಕೊಂಡೇ. ಜಗತ್ತು ಮಲಗಿರುವಾಗ ಇವನು ಹವಾಯಿ ಚಪ್ಪಲಿ ಮೆಟ್ಟಿ, ಹಿಂದಿನ ಬಾಗಿಲಿಂದ ಹೊರಬಿದ್ದರೆ ಅದೇ ಕೆಲಸಕ್ಕೆ ಹೋದ ಹಾಗೆ. ಚಹಾಕ್ಕೆ ಮನೆಗೆ ಬರುತ್ತಿದ್ದ, ಹೆಂಡತಿಯನ್ನು ರೇಗಿಸಿ ಮತ್ತೆ ಹೋಗುತ್ತಿದ್ದ. ಹೀಗಿದ್ದವನ ಬೇಕರಿಯನ್ನು ಯಜಮಾನರು ವಯಸ್ಸಾಯಿತೆಂದು ಮುಚ್ಚಿಬಿಟ್ಟರು. ನಾನಿರುವ ಈ ದೊಡ್ಡ ನಗರದ ದೊಡ್ಡ ಬೇಕರಿಯಿಂದ ಇವನಿಗೆ ಕರೆ ಬಂತು.

ಇಬ್ಬರಿಗೂ ಮದುವೆಯಾದದ್ದು ತಡವಾಗಿ. ತಡವಾಗಿ ಆದವರಿಗೆ ಆಸೆ ಜಾಸ್ತಿ, ಸಮಯ ಕಡಿಮೆ. ಹೊಸ ಊರಿಗೆ ಹೋಗಿ ನೆಲೆ ನಿಂತ ಕೂಡಲೇ ಒಂದು ಮಗು ಎಂದು ಮಾತಾಡಿಕೊಂಡಿದ್ದರು. ಮಾತಾಡಿಕೊಂಡಿದ್ದರು ಎಂದರೆ, ಟೇಪಮ್ಮ ಮಾತಾಡಿದ್ದಳು, ಇವನು ಹೂಂಗುಟ್ಟಿದ್ದ.

ಹೊಸ ಕೆಲಸಕ್ಕೆ ಸೇರುವ ಮುಂಚೆ ಮನೆ ಹುಡುಕಲು ಬಂದು ನನ್ನ ರೂಮಿನಲ್ಲೇ ಉಳಿದರು. ನಾನು ಒಂಟಿ ಜೀವ, ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಬಾಯಿ ಸ್ವಲ್ಪ ಜೋರು. "ಬೇಕರಿ ಹತ್ತಿರವೇ ಒಂದು ರೂಮು ಹಿಡೀರಿ, ನನಗೂ ಹತ್ತಿರ ಆಗತ್ತೆ" ಎಂದು ಮೊದಲ ದಿನವೇ ಹೇಳಿದೆ. ಕರೆದುಕೊಂಡು ಹೋಗಿ ತೋರಿಸಿದೆ ಕೂಡ. ಬೇಕರಿಯ ಗಲ್ಲಿ ಹೇಗಿದೆ ಎಂದರೆ ಗೋಡೆಗೆ ಗೋಡೆ ಹತ್ತಿ, ಮೈದಾ ಮೂಟೆಯ ಲಾರಿ ಬಂದರೆ ಜನ ಬಾಗಿಲೊಳಕ್ಕೆ ಸರಿಯಬೇಕು. ಹಸಿರು ಅನ್ನುವುದು ಅಲ್ಲಿ ಬಾಗಿಲಿನ ಬಣ್ಣ ಮಾತ್ರ. ಟೇಪಮ್ಮ ಆ ತುದಿಯಿಂದ ಈ ತುದಿಗೆ ನೋಡಿ, "ಇಲ್ಲಿ ಮಗು ಎಲ್ಲಿ ಆಡತ್ತೆ ಅತ್ತಿಗೆ?" ಎಂದಳು. ಅಲ್ಲಿಗೆ ಆ ಗಲ್ಲಿಯ ಕಥೆ ಮುಗಿಯಿತು.

ಮನೆ ತೋರಿಸಲು ಒಬ್ಬ ಬ್ರೋಕರ್ ಸಿಕ್ಕಿದ. ಮಾತಿನ ಮಲ್ಲ. ಮೊದಲು ಹೆದ್ದಾರಿ ಪಕ್ಕದ ಬಡಾವಣೆಗೆ ಕರೆದೊಯ್ದ. ಮನೆ ಚೆನ್ನಾಗಿಯೇ ಇತ್ತು. ಟೇಪಮ್ಮ ಒಳಗೆ ಹೋಗುವುದನ್ನು ಬಿಟ್ಟು ರಸ್ತೆಯಲ್ಲೇ ನಿಂತಳು. "ಶಾಲೆ ಆ ಕಡೆ ಇದೆಯಲ್ಲ, ಮಗು ರಸ್ತೆ ದಾಟೋದು ಹೇಗೆ?"

"ಅದೇನು ಮೇಡಂ, ಕೈ ಹಿಡ್ಕೊಂಡು ದಾಟಿಸಿದ್ರೆ ಆಯ್ತು. ಮಗೂಗೆ ಎಷ್ಟು ವರ್ಷ?"

"ಇನ್ನೂ ಹುಟ್ಟಿಲ್ಲ."

ಅವನು ನನ್ನ ಮುಖ ನೋಡಿದ. ನಾನು ಆಕಾಶ ನೋಡಿದೆ. ಆದರೆ ಪಾಪಿ, ವ್ಯಾಪಾರ ಬಲ್ಲವನು. ಮುಂದಿನ ಬಡಾವಣೆಗೆ ಹೋಗುವಷ್ಟರಲ್ಲಿ ಇಲ್ಲದ ಆ ಮಗುವನ್ನು ಅವನೇ ಎತ್ತಿಕೊಂಡು ತಿರುಗಲು ಶುರುಮಾಡಿದ್ದ. "ನೋಡಿ ಮೇಡಂ, ಇಲ್ಲಿ ನಿಮ್ಮ ಮಗಳು ಸೈಕಲ್ ಕಲೀಬಹುದು. ಇಲ್ಲಿ ಗೆಳತಿಯರ ಜೊತೆ ಕೂತ್ಕೋಬಹುದು." ಹೆಣ್ಣು ಎಂದೂ ತೀರ್ಮಾನಿಸಿಬಿಟ್ಟಿದ್ದ! ನನಗೆ ಪಿತ್ತ ನೆತ್ತಿಗೇರಿತು. ಟೇಪಮ್ಮ ಮಾತ್ರ ಕಣ್ಣರಳಿಸಿ ಕೇಳುತ್ತಿದ್ದಳು.

ಅದು ಹೊಸ ಹೊಸ ಎತ್ತರದ ಕಟ್ಟಡಗಳ ಬಡಾವಣೆ. ಲಿಫ್ಟು, ಬಾಲ್ಕನಿ, ಎಲ್ಲ ಥಳಥಳ. ತಮ್ಮ ಹಿಟ್ಟಿಗೆ ಒತ್ತುವ ಹಾಗೆ ಗೋಡೆಗೆ ಬೆರಳೊತ್ತಿದ. ಒಂದು ಹಿಡಿ ಸುಣ್ಣ ಉದುರಿ ಅವನ ಕೈಗೆ ಬಂತು. "ಇದಿನ್ನೂ ಹಸಿ" ಎಂದ. ಟೇಪಮ್ಮ ಬಾಲ್ಕನಿಯ ಕಂಬಿಗಳ ನಡುವಿನ ಸಂದಿಗೆ ಟೇಪು ಹಿಡಿದು, "ಎರಡು ವರ್ಷದ ಮಗುವಿನ ತಲೆ ತೂರತ್ತೆ" ಎಂದಳು. ಗಂಡ ಹೆಂಡತಿ ಇಬ್ಬರೂ ಅವರವರ ಕೆಲಸದ ಕೈಯಲ್ಲೇ ಮನೆ ನೋಡುತ್ತಿದ್ದರು. ಬ್ರೋಕರ್ ಬೆವರು ಒರೆಸಿಕೊಂಡ.

ಹೀಗೆ ಎಷ್ಟೋ ಸುತ್ತಿದೆವು. ನನ್ನ ಕಾಲು ಬಿದ್ದುಹೋಗುವುದೊಂದು ಬಾಕಿ. ಕೊನೆಗೆ ರೈಲಿನಲ್ಲಿ ಕೂತು, ಆ ರೈಲು ಇನ್ನು ಮುಂದಕ್ಕೆ ಹೋಗುವುದಿಲ್ಲ ಎನ್ನುವ ನಿಲ್ದಾಣದಲ್ಲಿ ಇಳಿದೆವು. ಹಳಿಗಳ ಮೇಲೊಂದು ಕಬ್ಬಿಣದ ಕಾಲುಸೇತುವೆ. ಅದನ್ನು ದಾಟಿ ಇಳಿದರೆ ನೆರಳಿನ ಬೀದಿ, ಒಂದಂತಸ್ತಿನ ಮನೆಗಳು, ಜಾರುಬಂಡೆ ಇರುವ ಪುಟ್ಟ ಪಾರ್ಕು, ಬೀದಿಯ ತುದಿಗೆ ಶಾಲೆ. ಶಾಲೆ ಬಿಡುವ ಹೊತ್ತಾಗಿತ್ತು. ಮಕ್ಕಳು ನಮ್ಮ ಸುತ್ತ ನೀರಿನ ಹಾಗೆ ಹರಿದು ಹೋದವು. ಟೇಪಮ್ಮ ಅವುಗಳ ಬಟ್ಟೆಯ ಅಂಚನ್ನೇ ನೋಡುತ್ತಾ ನಿಂತಳು.

ಮನೆಯಲ್ಲಿ ಎರಡು ಕೋಣೆ. ಹಿಂದಿನ ಸಣ್ಣ ಕೋಣೆಯ ಕಿಟಕಿ ತಗ್ಗಿನಲ್ಲಿತ್ತು. ಅವಳು ನೆಲದಿಂದ ಅದರ ಹಲಗೆಯವರೆಗೆ ಟೇಪು ಹಿಡಿದಳು. "ಮೂರು ವರ್ಷಕ್ಕೆ ಗಲ್ಲದ ಮಟ್ಟ ಬರತ್ತೆ. ಐದು ವರ್ಷಕ್ಕೆ ಮೊಣಕೈ ಊರಿ ನಿಲ್ಲಬಹುದು" ಎಂದಳು. ಟೇಪು ಸುತ್ತಿ ಕೊರಳಿಗೆ ಹಾಕಿಕೊಂಡಳು. "ರೀ, ಇದೇ ಮನೆ."

"ಲೇ, ಕೆಲಸಕ್ಕೆ ಹೋಗೋದು ಹೇಗೋ ಇಲ್ಲಿಂದ?" ಎಂದು ನಾನು ತಮ್ಮನನ್ನು ಕೇಳಿದೆ.

"ರೈಲಿದೆಯಲ್ಲಕ್ಕ. ಈಗ ನಾವು ಬಂದ್ವಲ್ಲ, ಹಾಗೇ" ಎಂದ.

ನಿಜವೇ. ರೈಲಿತ್ತು, ಒಂದರ ಹಿಂದೊಂದು ಬರುತ್ತಲೂ ಇತ್ತು. ಹಗಲಲ್ಲವೇ! ಹುಟ್ಟಿದಾಗಿನಿಂದ ಹಿತ್ತಲ ಬಾಗಿಲಿಂದ ಕೆಲಸಕ್ಕೆ ಹೋದವನಿಗೆ, ತನ್ನ ಕೆಲಸದ ಹೊತ್ತು ರೈಲಿನ ಹೊತ್ತಲ್ಲ ಎನ್ನುವುದು ಹೊಳೆಯುವುದಾದರೂ ಹೇಗೆ? ಮಗುವಿನ ತಲೆ, ಗಲ್ಲ, ಮೊಣಕೈ ಎಲ್ಲದರ ಅಳತೆಯೂ ಆಯಿತು. ಮಗುವಿನ ಅಪ್ಪನ ಅಳತೆ ತೆಗೆಯಬೇಕೆಂದು ಅವಳಿಗೂ ಹೊಳೆಯಲಿಲ್ಲ. ಬೇಕರಿಗೆ ಅಂಟಿದ ಮನೆಯಲ್ಲಿ ಬಾಳಿದವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು. ಒಲೆಗೆ ಬೆಂಕಿ ಹಾಕುವುದು ಊರು ಮಲಗಿದ ಮೇಲೆ. ಆ ಹೊತ್ತಿಗೆ ಆ ಬಡಾವಣೆಯಿಂದ ರೈಲಿಲ್ಲ. ಸಂಜೆಯದೇ ಕಡೆಯದು. ಅದನ್ನು ಹಿಡಿದು ಬಂದು, ಕೆಲಸ ಶುರುವಾಗುವವರೆಗೆ ಮೈದಾ ಮೂಟೆಗಳ ಮೇಲೆ ಒರಗಿಕೊಂಡಿರಬೇಕು. ಬ್ರೆಡ್ಡು ಗಾಡಿಗೆ ಹಾಕಿ, ಒಲೆ ಗುಡಿಸಿ, ರೈಲು ಹತ್ತಿ ಮನೆ ಮುಟ್ಟುವಾಗ ಬಿಸಿಲೇರಿರುತ್ತದೆ. ಟೇಪಮ್ಮ ಅಷ್ಟರಲ್ಲಿ ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹಳಿಯ ಆಚೆ ಬದಿಯ ಯೂನಿಫಾರಂ ಅಂಗಡಿಗೆ ಹೋಗಿಬಿಟ್ಟಿರುತ್ತಾಳೆ. ಮಧ್ಯಾಹ್ನ ಊಟಕ್ಕೆ ಬಂದರೆ ಇವನು ಬಾಗಿಲಿಗೆ ಚಿಲಕವನ್ನೂ ಹಾಕದೆ ಕಡಿದು ಹಾಕಿದ ಮರದ ಹಾಗೆ ಮಲಗಿರುತ್ತಾನೆ. ಎಬ್ಬಿಸಲು ಅವಳಿಗೆ ಮನಸ್ಸು ಬರುವುದಿಲ್ಲ. ಎಂದೋ ಒಂದು ರಜೆ ಸಿಕ್ಕರೆ ಅದೂ ನಿದ್ದೆಗೇ ಅರ್ಪಣೆ.

ಇಷ್ಟಾದರೂ ಇಬ್ಬರದೂ ಬಾಯಿಗೆ ಬೀಗ. ಅವಳು ಅಷ್ಟು ಆಸೆಯಿಂದ ಆರಿಸಿದ ಮನೆ ಎಂದು ಇವನು ಸುಮ್ಮನಿದ್ದ. ಇಷ್ಟು ಕಷ್ಟಪಟ್ಟರೂ ಇವನು ಏನೂ ಅನ್ನುವುದಿಲ್ಲವಲ್ಲ, ಮನೆ ಇವನಿಗೂ ಹಿಡಿಸಿದೆ ಎಂದು ಅವಳು ಸುಮ್ಮನಿದ್ದಳು.

ನಾನು ಅಲ್ಲಿಗೆ ಹೋಗುತ್ತಿದ್ದದ್ದು ಅಪರೂಪ. ಹೋದರೆ ರೇಗುತ್ತಿತ್ತು. ಹೊಲಿಗೆ ಯಂತ್ರ, ಬಟ್ಟೆಯ ಗಂಟು, ಪಾತ್ರೆ, ಮಂಚ ಎಲ್ಲವನ್ನೂ ಮುಂದಿನ ಕೋಣೆಯಲ್ಲೇ ತುರುಕಿದ್ದರು. ಹಿಂದಿನ ಸಣ್ಣ ಕೋಣೆ ಗುಡಿಸಿ ಸಾರಿಸಿದ ಹಾಗೇ ಖಾಲಿ. ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ನಾನು ಉಳಿಯಬೇಕಾದ ದಿನ, "ಆ ರೂಮಲ್ಲಿ ಹಾಸಿಕೊಡೇ" ಎಂದರೆ, "ಇಲ್ಲೇ ಗಾಳಿ ಬರತ್ತೆ ಅತ್ತಿಗೆ" ಎಂದು ಹೊಲಿಗೆ ಯಂತ್ರದ ಕಾಲಬುಡದಲ್ಲಿ ಹಾಸಿಕೊಟ್ಟಳು. ಗಾಳಿಯಂತೆ ಗಾಳಿ! ಸೂಜಿ ಚುಚ್ಚದಿದ್ದರೆ ಸಾಕಾಗಿತ್ತು. ಸ್ವಂತ ಅತ್ತಿಗೆಗೂ ಇಲ್ಲದ ಆ ಕೋಣೆ ಯಾರಿಗೆ ಕಾದಿದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿದ್ದೂ ಕೋಪ ಬರುತ್ತಿತ್ತು.

ಆ ಬಡಾವಣೆಯ ಮಕ್ಕಳಿಗೆಲ್ಲ ಅವಳು ಟೇಪಾಂಟಿ ಆಗಿಬಿಟ್ಟಿದ್ದಳು. ತಾಯಂದಿರು ಹಳೆಯ ಲಂಗ, ಚಡ್ಡಿಗಳನ್ನು ತಂದು, "ಸ್ವಲ್ಪ ಇಳಿಸಿಕೊಡಿ" ಎನ್ನುವರು. ಮಡಿಕೆ ಬಿಚ್ಚಿದರೆ ಒಳಗಿನ ಬಟ್ಟೆ ಹೊಸದರ ಬಣ್ಣದ್ದು. ಹಳೆಯ ಅಂಚು ಇದ್ದ ಕಡೆ ಒಂದು ಮಾಸಿದ ಗೆರೆ. ಎಷ್ಟು ತೊಳೆದರೂ ಹೋಗದ ಗೆರೆ. "ಅವರ ಮಗು ಒಂದು ಗೆರೆ ಬೆಳೀತು ಅತ್ತಿಗೆ" ಎನ್ನುತ್ತಿದ್ದಳು. ಅವಳು ಮೊದಲು ಹೊಲಿದುಕೊಟ್ಟ ಲಂಗಕ್ಕೆ ಆಗಲೇ ಮೂರು ಗೆರೆ ಬಿದ್ದಿದ್ದವು. ಅದನ್ನು ಹೇಳಿ ಸೂಜಿಗೆ ದಾರ ಪೋಣಿಸಲು ಕೂತಳು. ಪೋಣಿಸಲು ಆಗಲೇ ಇಲ್ಲ.

ಒಂದು ಸಂಜೆ ಹೇಳದೆ ಕೇಳದೆ ಹೋದೆ. ರೈಲಿಳಿದು ಕಾಲುಸೇತುವೆ ಹತ್ತಿದರೆ ಏನು ನೋಡಲಿ! ಮನೆಯ ಕಡೆಯಿಂದ ತಮ್ಮ ಹತ್ತಿ ಬರುತ್ತಿದ್ದಾನೆ, ಅಂಗಡಿಯ ಕಡೆಯಿಂದ ಅವಳು ಬರುತ್ತಿದ್ದಾಳೆ. ನಡುವಿನಲ್ಲಿ ಇಬ್ಬರೂ ನಿಂತರು. ಜನ ಅತ್ತಿಂದಿತ್ತ ನುಗ್ಗುತ್ತಿದ್ದರು. ಇವನು ಜೇಬಿನಿಂದ ಬೀಗದ ಕೈ ತೆಗೆದು ಅವಳ ಕೈಯಲ್ಲಿಟ್ಟ. ಅವಳು ಅವನ ಅಂಗಿಯ ಕಾಲರು ಸರಿಮಾಡಿದಳು. ಏನೋ ಎರಡು ಮಾತು. ಕೆಳಗೆ ರೈಲು ಕೂಗಿತು. ಇವನು ಇಳಿದು ಓಡಿದ. ರೈಲು ಹೋಗಿ ಮರೆಯಾಗುವವರೆಗೂ ಅವಳು ಕಂಬಿ ಹಿಡಿದು ನಿಂತೇ ಇದ್ದಳು. ನಾನು ಪಕ್ಕದಲ್ಲಿ ನಿಂತದ್ದೂ ಅವಳಿಗೆ ತಿಳಿಯಲಿಲ್ಲ.

"ಅಲ್ಲವೇ, ಇನ್ನೊಂದು ಬೀಗದ ಕೈ ಮಾಡಿಸೋಕೆ ಏನು ರೋಗ ನಿಮಗೆ?" ಎಂದೆ.

ಬೆಚ್ಚಿ ತಿರುಗಿದಳು. "ಅಯ್ಯೋ ಅತ್ತಿಗೆ! ನೀವು ಯಾವಾಗ ಬಂದ್ರಿ?" ಎಂದಳು. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಯವರೆಗೂ ನಡೆದಳು.

ಸುಮ್ಮನಿರಲು ನನ್ನಿಂದಾಗಲಿಲ್ಲ. ನಮ್ಮ ಔಷಧಿ ಅಂಗಡಿಯ ಮಹಡಿಯ ಮೇಲೆ ಒಬ್ಬರು ಡಾಕ್ಟರಮ್ಮ ಇದ್ದಾರೆ. ಇಬ್ಬರನ್ನೂ ಎಳೆದುಕೊಂಡು ಹೋದೆ. ಅವರು ಏನೇನೋ ಪರೀಕ್ಷೆ ಮಾಡಿಸಿದರು. ಫಲಿತಾಂಶ ಬಂದ ದಿನ ಟೇಪಮ್ಮ ನನ್ನನ್ನೂ ಒಳಗೆ ಕರೆದಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಬ್ಬರಲ್ಲೂ ಏನೂ ತೊಂದರೆ ಇಲ್ಲಮ್ಮ. ವಯಸ್ಸು ಮಾತ್ರ ಓಡ್ತಾ ಇದೆ, ಇನ್ನು ತಡ ಮಾಡಬೇಡಿ. ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವಿಬ್ಬರೂ ಒಟ್ಟಿಗೆ ಇರೋದು ಯಾವಾಗ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅವಳು ನೆಲ ನೋಡಿದಳು. ನನ್ನ ತಮ್ಮ, ಸುಳ್ಳು ಹೇಳಲು ಬಾರದ ಪುಣ್ಯಾತ್ಮ, ತಲೆ ಕೆರೆದುಕೊಂಡು ಹೇಳಿದ. "ರೈಲ್ವೆ ಸೇತುವೆ ಮೇಲೆ."

ಡಾಕ್ಟರಮ್ಮನಿಗೆ ನಗು ಬಂತು. ನಮಗೂ ಬಂತು. ಮೊದಲು ನಕ್ಕವಳು ಟೇಪಮ್ಮನೇ. ಆ ನಗುವಿನಲ್ಲೇ ಅವಳ ಕಣ್ಣು ತುಂಬಿತು, ಟೇಪಿನ ತುದಿಯಿಂದ ಒರೆಸಿಕೊಂಡಳು. ಆಮೇಲೆ ಯಾರೂ ನಗಲಿಲ್ಲ.

ಕೆಳಗಿಳಿದು ಎದುರಿನ ಚಹಾದ ಅಂಗಡಿಯಲ್ಲಿ ಕೂತೆವು. ತಮ್ಮ ಲೋಟ ತಿರುಗಿಸುತ್ತಾ, "ಬೇಕರಿ ಹಿಂದೆ ಒಂದು ರೂಮು ಖಾಲಿ ಇದೆ. ಒಲೆ ಗೋಡೆಗೇ ಅಂಟಿಕೊಂಡಿದೆ. ಹಿಂದಿನ ಬಾಗಿಲಿಂದ ಬಂದು ಹೋಗಬಹುದು, ಮುಂಚಿನ ಹಾಗೆ" ಎಂದ. ಎಷ್ಟು ದಿನದಿಂದ ಅದನ್ನು ನಾಲಿಗೆ ತುದಿಯಲ್ಲಿಟ್ಟುಕೊಂಡಿದ್ದನೋ.

"ಅಲ್ಲಿ ಮಗು ಎಲ್ಲಿ ಆಡತ್ತೆ?" ಎಂದಳು ಅವಳು.

"ಯಾವ ಮಗು?"

ಅವನು ಬೇಕೆಂದು ಅಂದದ್ದಲ್ಲ, ನನಗೆ ಗೊತ್ತು. ಸುಸ್ತಾದ ಮನುಷ್ಯನ ಬಾಯಿಂದ ಜಾರಿದ್ದು. ಆದರೆ ಜಾರಿತು. ಟೇಪಮ್ಮ ಚಹಾ ಹಾಗೇ ಬಿಟ್ಟು ಎದ್ದಳು. "ನನಗೆ ಅಂಗಡಿಗೆ ಹೊತ್ತಾಯ್ತು" ಎಂದು ರಸ್ತೆ ದಾಟಿ ಹೋದಳು. ಅವನು ಕೂಗಿದ, ಅವಳು ತಿರುಗಲಿಲ್ಲ.

"ನಿನ್ನ ನಾಲಿಗೆಗೆ ಬೆಂಕಿ ಹಾಕ! ಹೀಗಾ ಮಾತಾಡೋದು?" ಎಂದು ಬೈದೆ. ಅವನು ಅವಳ ಲೋಟದ ಮೇಲೆ ತಟ್ಟೆ ಮುಚ್ಚಿ ಇಟ್ಟ. ತಣ್ಣಗಾಗಬಾರದು ಎಂದು ಇರಬೇಕು. ಅವಳು ಬರುವುದಿಲ್ಲ ಎಂದು ಗೊತ್ತಿದ್ದೂ.

ಆಮೇಲೆ ಅವರ ಮಧ್ಯೆ ಮಾತಿಲ್ಲ ಕಥೆಯಿಲ್ಲ. ಸೇತುವೆಯ ಮೇಲೆ ಸೇರುವುದು ತಪ್ಪಲಿಲ್ಲವಂತೆ, ಆದರೆ ಬೀಗದ ಕೈಯನ್ನು ತುದಿಯಲ್ಲಿ ಹಿಡಿದು ಇಸಿದುಕೊಳ್ಳುತ್ತಿದ್ದಳಂತೆ. ಬೆರಳಿಗೆ ಬೆರಳು ತಾಗದ ಹಾಗೆ. ಇದನ್ನು ನನಗೆ ಹೇಳಿದವನು ತಮ್ಮ. ಹೇಳುವಾಗ ತನ್ನ ಕೈಯನ್ನೇ ನೋಡಿಕೊಂಡ. ಗಡಸು ಕೈ, ಒಲೆಯ ಸುಟ್ಟಗಾಯಗಳ ಕೈ. "ಆ ಮನೆ ಬಿಟ್ಟರೆ ಮಗುವನ್ನೇ ಬಿಟ್ಟ ಹಾಗೆ ಅಂತ ಅವಳಿಗೆ. ನಾನೇನು ಮಾಡ್ಲಕ್ಕ? ನನಗೆ ಬೇಡವಾ ಮಗು?" ಎಂದ. ಬನ್ನು ತಂದಿದ್ದ, ಇಬ್ಬರೂ ತಿಂದೆವು.

ಹೀಗಿರುವಾಗ ಒಂದು ಮಧ್ಯಾಹ್ನ ಟೇಪಮ್ಮ ಔಷಧಿ ಅಂಗಡಿಗೆ ಬಂದಳು. ಗಿರಾಕಿಗಳ ಹಿಂದೆ ಸರದಿಯಲ್ಲಿ ನಿಂತಿದ್ದಾಳೆ! ಅವಳ ಸರದಿ ಬಂದಾಗ, "ಏನೇ, ಏನು ಬೇಕು?" ಎಂದೆ.

"ನಿಮ್ಮ ಹತ್ರ ಸ್ವಲ್ಪ ಮಾತಾಡಬೇಕು ಅತ್ತಿಗೆ" ಎಂದಳು.

ಹಿಂದಿನ ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತೆವು. ಅವಳು ಟೇಪನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನಿನ್ನೆ ಇವರು ಸೇತುವೆಗೆ ಬರಲೇ ಇಲ್ಲ. ನಿಂತೆ, ನಿಂತೆ. ರೈಲು ಬಂತು, ಹೋಯ್ತು. ಆಮೇಲೆ ಓಡ್ಕೊಂಡು ಬಂದ್ರು, ಅಂಗಿ ತಿರುವುಮುರುವು ಹಾಕ್ಕೊಂಡು. ನಿದ್ದೆ ಹತ್ತಿಬಿಟ್ಟಿತ್ತಂತೆ. ಅಯ್ಯೋ ರೈಲು ಹೋಯ್ತಲ್ಲೇ, ಒಲೆ ಯಾರು ನೋಡ್ತಾರೆ, ಕೆಲಸದಿಂದ ತೆಗೀತಾರೇನೋ ಅಂತ ನಡುಗ್ತಾ ಇದ್ರು ಪಾಪ. ಬೇಕರಿಗೆ ಫೋನ್ ಮಾಡಿ ಬೈಸಿಕೊಂಡ್ರು. ನನಗೆ..." ಅವಳು ನಿಲ್ಲಿಸಿದಳು. "ನನಗೆ ಖುಷಿ ಆಯ್ತು ಅತ್ತಿಗೆ. ರೈಲು ತಪ್ಪಿತಲ್ಲ ಅಂತ. ನಾಚಿಕೆ ಆಗಬೇಕು ನನಗೆ, ಅವರು ಅಳೋ ಹಾಗಿದ್ದಾಗ ನಾನು ಒಳಗೊಳಗೇ ಕುಣೀತಾ ಇದ್ದೆ."

"ಆಮೇಲೆ?"

"ಆಮೇಲೆ ಏನು, ಮನೆಗೆ ನಡ್ಕೊಂಡು ಹೋದ್ವಿ. ಪಾರ್ಕಲ್ಲಿ ಮಕ್ಕಳು ತುಂಬಿದ್ವು. 'ಸಂಜೆ ಇಲ್ಲಿ ಇಷ್ಟೊಂದು ಮಕ್ಕಳು ಇರ್ತಾವಾ?' ಅಂತ ಕೇಳಿದ್ರು. ಅದೇ ಬೀದೀಲಿ ಇಷ್ಟು ಕಾಲದಿಂದ ರೈಲಿಗೆ ಓಡ್ತಾ ಇದ್ದಾರೆ, ಒಂದು ಸಲವೂ ಆ ಕಡೆ ನೋಡಿಲ್ಲ! ಮನೇಲಿ ಅಡುಗೆ ಮಾಡುವಾಗ ಬಾಗಿಲಿಗೆ ಒರಗಿ ನಿಂತಿದ್ರು, ಸುಮ್ಮನೆ. ನಾನು ಸೌಟು ಹಿಡ್ಕೊಂಡು ತಿರುಗಿ ತಿರುಗಿ ನೋಡ್ತಿದ್ದೆ, ಇದ್ದಾರಾ ಹೋದ್ರಾ ಅಂತ."

ಹೊರಗೆ ಯಾರೋ ಕೌಂಟರು ತಟ್ಟಿದರು. ಇರ್ರಿ, ಬಂದೆ ಎಂದು ನಾನು ಗದರಿದೆ.

"ಇಷ್ಟು ದಿನ ನನಗೆ ಮಗು ಬೇಕು, ಮಗು ಬೇಕು ಅಂತಿದ್ದೆ" ಎಂದಳು ಟೇಪಮ್ಮ. "ಈಗಲೂ ಬೇಕು, ಇಲ್ಲ ಅನ್ನಲ್ಲ. ಆದ್ರೆ ಅತ್ತಿಗೆ, ನನಗೆ ಮೊದಲು ನಿಮ್ಮ ತಮ್ಮ ಬೇಕು."

ಹೇಳಿ ಗಳಗಳ ಅತ್ತಳು. ನಾನು ಅವಳ ತಲೆ ತಟ್ಟಿದೆ. ಅಳುವವರನ್ನು ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. "ಮೂಗು ಟೇಪಿಗೆ ಒರೆಸಬೇಡ, ನಾಳೆ ಮಕ್ಕಳ ಕತ್ತಿಗೆ ಹಿಡೀತೀಯ" ಎಂದು ಹತ್ತಿಯ ಕಟ್ಟು ಒಡೆದು ಕೊಟ್ಟೆ. ಈ ಸಲ ತಮಾಷೆ ಅವಳಿಗೆ ಅಲ್ಲೇ ಅರ್ಥವಾಯಿತು.

ಮನೆ ಬಿಡುವ ದಿನ ನಾನೂ ಹೋಗಿದ್ದೆ. ಸಾಮಾನು ಗಾಡಿಗೆ ಏರಿತ್ತು. ಮುಂದಿನ ಕೋಣೆ ಖಾಲಿಯಾಗಿ, ಹಿಂದಿನ ಕೋಣೆಗೂ ಅದಕ್ಕೂ ಈಗ ವ್ಯತ್ಯಾಸವಿರಲಿಲ್ಲ. ತಮ್ಮ ಗಾಡಿಯವನಿಗೆ ಹಗ್ಗ ಬಿಗಿಯಲು ಸಹಾಯ ಮಾಡುತ್ತಿದ್ದ. ಟೇಪಮ್ಮ ಕಾಣಲಿಲ್ಲ. ಹುಡುಕಿದರೆ ಹಿಂದಿನ ಕೋಣೆಯಲ್ಲಿ ಕಿಟಕಿಯ ಮುಂದೆ ಮೊಣಕಾಲೂರಿ ಕೂತಿದ್ದಳು, ಗಲ್ಲವನ್ನು ಕಿಟಕಿಯ ಹಲಗೆಗೆ ಊರಿ.

"ಏನೇ ಅದು, ಏನಾದ್ರೂ ಬಿತ್ತಾ?"

"ಇಷ್ಟು ಸಲ ಇದನ್ನ ಅಳೆದೆ. ಈ ಎತ್ತರದಿಂದ ಏನು ಕಾಣತ್ತೆ ಅಂತ ಒಂದು ಸಲವೂ ನೋಡಿರಲಿಲ್ಲ" ಎಂದಳು. "ಬನ್ನಿ ಅತ್ತಿಗೆ, ನೀವೂ ನೋಡಿ."

ನನ್ನ ಮಂಡಿಗಳು ಲಟಲಟ ಎಂದವು. ಆದರೂ ಪಕ್ಕದಲ್ಲಿ ಕೂತೆ. ನಿಂತವರಿಗೆ ಆ ಕಿಟಕಿಯಲ್ಲಿ ಎದುರು ಮರದ ಎಲೆಗಳಷ್ಟೇ ಕಾಣುತ್ತಿದ್ದವು. ಮೂಲೆಯ ಮನೆಯಾದ್ದರಿಂದ, ಕೂತರೆ ಎಲೆಗಳ ಕೆಳಗಿನಿಂದ ಬೀದಿ ಕಂಡಿತು. ಬೀದಿ ಶುರುವಾಗುವಲ್ಲಿ ನೇರವಾಗಿ ಕಬ್ಬಿಣದ ಸೇತುವೆ, ಅದರ ಮೆಟ್ಟಿಲು ಹತ್ತುತ್ತಿರುವ ಜನರ ಬೆನ್ನು.

"ನಮ್ಮ ಮಗು ದಿನಾ ಇಲ್ಲಿ ನಿಂತು ಏನು ನೋಡ್ತಿತ್ತು ಹೇಳಿ?" ಎಂದಳು. "ಅಪ್ಪ ಹೋಗೋದು. ಬರೀ ಹೋಗೋದು."

ಆಮೇಲೆ ಅವಳೇ ಎದ್ದು, ನನ್ನ ರಟ್ಟೆ ಹಿಡಿದು ಎಬ್ಬಿಸಿದಳು. ಕಿಟಕಿ ಮುಚ್ಚಿ ಚಿಲಕ ಹಾಕಿದಳು.

ಮನೆಯ ಯಜಮಾನರು ಬೀಗದ ಕೈ ಇಸಿದುಕೊಳ್ಳಲು ಬಂದರು. ತಮ್ಮ ಜೇಬಿನಿಂದ ತೆಗೆದು ಕೊಟ್ಟ. ಹಿಡಿದು ಹಿಡಿದು ಸವೆದು ನುಣ್ಣಗಾಗಿತ್ತು ಅದು. "ಇನ್ನೊಂದು?" ಎಂದರು ಅವರು. ನಾನು, "ಇನ್ನೊಂದು ಎಲ್ಲಿದೆ, ಇವರದು ಒಂದೇ" ಎನ್ನುವಷ್ಟರಲ್ಲಿ ಟೇಪಮ್ಮ ಚೀಲದ ಒಳಗಿನ ಜೇಬಿಗೆ ಕೈ ಹಾಕಿ ಇನ್ನೊಂದು ಬೀಗದ ಕೈ ತೆಗೆದಳು. ದಾರ ಕಟ್ಟಿದ್ದ ಹಾಗೇ ಇತ್ತು. ಈಗ ತಾನೇ ಮಾಡಿಸಿದ ಹಾಗೆ ಫಳಫಳ ಹೊಳೆಯುತ್ತಿತ್ತು. ಒಂದು ದಿನವೂ ಬಳಸಿದ್ದಲ್ಲ.

ನಾನು ಬಿಟ್ಟ ಬಾಯಿ ಬಿಟ್ಟ ಹಾಗೆ ಅವಳನ್ನೇ ನೋಡಿದೆ. ತಮ್ಮ ಹಗ್ಗದ ಗಂಟನ್ನು ಪರೀಕ್ಷೆ ಮಾಡುವವನ ಹಾಗೆ ಆ ಕಡೆ ತಿರುಗಿಕೊಂಡ. ಅವನಿಗೂ ಗೊತ್ತಿತ್ತು!

"ಇದನ್ನ ಬಳಸಿಬಿಟ್ಟಿದ್ರೆ ಸೇತುವೆ ಮೇಲೆ ನಿಲ್ಲೋಕೆ ನೆಪ ಎಲ್ಲಿರ್ತಿತ್ತು ಅತ್ತಿಗೆ?" ಎಂದಳು ಅವಳು, ಮೆಲ್ಲಗೆ. "ಕೊಡುವಾಗ ಕೈ ಕೈಗೆ ತಾಗತ್ತೆ. ಅಷ್ಟೇ."

ಈಗ ಅವರು ಬೇಕರಿಯ ಹಿಂದಿನ ಆ ರೂಮಿನಲ್ಲಿದ್ದಾರೆ. ಒಂದು ಕೋಣೆ, ಒಂದು ಎತ್ತರದ ಕಿಟಕಿ. ಒಂದು ಗೋಡೆ ಒಲೆಯ ಬಿಸಿಗೆ ಸದಾ ಬೆಚ್ಚಗೆ. ತಮ್ಮ ಹವಾಯಿ ಚಪ್ಪಲಿಯಲ್ಲೇ ಹಿಂದಿನ ಬಾಗಿಲಿಂದ ಬಂದು ಚಹಾ ಕುಡಿದು, ಅವಳನ್ನು ರೇಗಿಸಿ ಹೋಗುತ್ತಾನೆ. ಅವಳು ಹತ್ತಿರದ ಶಾಲೆಯೊಂದರ ಯೂನಿಫಾರಂ ಹಿಡಿದಿದ್ದಾಳೆ, ಅಂಗೈಯಗಲ ಮಡಿಕೆ ಬಿಡುವುದನ್ನು ಬಿಟ್ಟಿಲ್ಲ. ನನಗೆ ಎರಡು ಬೀದಿ ಅಷ್ಟೇ ದೂರ. ಯಾವಾಗ ಹೋದರೂ ಜಗಳವಾಡುತ್ತಿರುತ್ತಾರೆ. ಫ್ಯಾನು ಜೋರಾಯಿತು, ದಿಂಬು ನಂದು, ಉಪ್ಪು ಹೆಚ್ಚಾಯಿತು. ಕೇಳಲು ಹಿತವಾಗಿರುತ್ತದೆ.

ಮಗು ಆಯಿತಾ ಎಂದು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ, ಔಷಧಿ ಅಂಗಡಿಗೆ ಕೆಮ್ಮಿನ ಮಾತ್ರೆಗೆ ಬಂದವರೂ ಕೇಳುತ್ತಾರೆ. ಇಲ್ಲ. ಇನ್ನೂ ಇಲ್ಲ. ಡಾಕ್ಟರಮ್ಮ ನೋಡೋಣ ಎನ್ನುತ್ತಾರೆ. ನಾವೂ ನೋಡೋಣ ಎನ್ನುತ್ತೇವೆ.

ಮೊನ್ನೆ ಹೋಗಿದ್ದೆ. ಕಾಲಿಡಲು ಜಾಗವಿರಲಿಲ್ಲ. ಹೊಲಿಗೆ ಯಂತ್ರ, ಬಟ್ಟೆಯ ರಾಶಿ, ಮಂಚದ ಮೇಲೆ ಬ್ರೆಡ್ಡಿನ ತಟ್ಟೆಗಳು. ಅವಳು ಚಹಾ ಕೊಟ್ಟಳು, ನಿಂತೇ ಕುಡಿದೆ. ಕೊರಳಲ್ಲಿ ಟೇಪು ನೇತಾಡುತ್ತಿತ್ತು. ರೇಗಿಸೋಣ ಎಂದು, "ಏನೇ ಟೇಪಮ್ಮ, ಈ ಕಿಟಕಿ ಅಳೆದಾಯ್ತಾ? ಯಾವ ವರ್ಷಕ್ಕೆ ಗಲ್ಲ ಬರತ್ತೆ?" ಎಂದೆ.

"ಇಲ್ಲ ಅತ್ತಿಗೆ. ಈ ಸಲ ಏನೂ ಅಳೆದು ಇಟ್ಟಿಲ್ಲ. ಮೊದಲು ಬರಲಿ. ಕಿಟಕಿ ಎಟುಕದಿದ್ರೆ ಒಂದು ಕಾಲುಮಣೆ ಹಾಕಿ ನಿಲ್ಲಿಸಿದರಾಯ್ತು" ಎಂದು ನಕ್ಕಳು.

ಒಳ್ಳೆಯದಾಯಿತು, ಬುದ್ಧಿ ಬಂತು ಎಂದುಕೊಂಡು ಖಾಲಿ ಲೋಟ ಇಡಲು ಜಾಗ ಹುಡುಕಿದೆ. ಕಿಟಕಿಯ ಕೆಳಗೆ ಮೂಲೆಯಲ್ಲಿ ಒಂದು ಕಾಲುಮಣೆ ಇತ್ತು. ಹೊಸ ಮರದ್ದು, ಪುಟ್ಟದು. ಅದರ ನಾಲ್ಕು ಮೂಲೆಗಳನ್ನೂ ಯಾರೋ ಮರಳುಕಾಗದದಿಂದ ಉಜ್ಜಿ ಉಜ್ಜಿ ಉರುಟು ಮಾಡಿದ್ದರು, ತಾಗಿದರೆ ನೋಯದ ಹಾಗೆ. ಸೂಜಿ ಇಡಲೂ ಜಾಗವಿಲ್ಲದ ಆ ಕೋಣೆಯಲ್ಲಿ ಅದರ ಮೇಲೆ ಮಾತ್ರ ಯಾರೂ ಏನೂ ಇಟ್ಟಿರಲಿಲ್ಲ. ನಾನು ಲೋಟವನ್ನು ನೆಲದ ಮೇಲೇ ಇಟ್ಟೆ.